ಅಂಟುಮೀನುಗಳ ಪ್ರೀತಿ

ಹಲ್ಲಿನ ಡಾಕ್ಟರಾದ ಭಾವನಿಗೆ ಎರಡು ವಿಷಯಗಳಲ್ಲಿ ಎಂದೂ ಸಂಶಯ ಬಂದದ್ದಿಲ್ಲ: ತನ್ನ ಕೈಗುಣ, ಮತ್ತು ತನ್ನನ್ನು ಕಂಡರೆ ಎಲ್ಲರಿಗೂ ಪ್ರಾಣ ಎಂಬುದು. ಎರಡನೆಯದಕ್ಕೆ ಈಗ ಮೀನುಗಳೂ ಸಾಕ್ಷಿ ಹೇಳತೊಡಗಿದ್ದವು.

ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ಗಾಜಿನ ತೊಟ್ಟಿಗೆ ಅವನು ಆರು ಹಿಲ್‌ಸ್ಟ್ರೀಮ್ ಲೋಚ್‌ಗಳನ್ನು ತಂದು ಬಿಟ್ಟಿದ್ದ. ಗುಡ್ಡದ ತೊರೆಗಳ ಮೀನು. ಚಪ್ಪಟೆ ಮೈಯನ್ನು ಬಂಡೆಗೆ ಒತ್ತಿಕೊಂಡು, ರಭಸದ ನೀರಿನಲ್ಲೂ ಜಾರದೆ ಪಾಚಿ ಮೇಯುವ ಜಾತಿ. ಭಾವ ಅವಕ್ಕೆ ಅಂಟುಮೀನು ಎಂದು ಹೆಸರಿಟ್ಟಿದ್ದ. ಅವನ ಹೆಂಡತಿಯ ತಂಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಉರುಟು ಕಲ್ಲು ಜೋಡಿಸಿ, ತೊಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ನೀರು ನುಗ್ಗುವಂತೆ ಪಂಪು ಕೂರಿಸಿ, "ಇದೊಂದನ್ನ ಮಾತ್ರ ಆರಿಸಬೇಡಿ ಭಾವ, ನಿಂತ ನೀರಲ್ಲಿ ಇವಕ್ಕೆ ಉಸಿರು ಸಾಲಲ್ಲ" ಎಂದಿದ್ದಳು.

ಭಾವ ಅದನ್ನೇ ಆರಿಸುತ್ತಿದ್ದ. ಪಂಪಿನ ಗುಂಯ್ ಸದ್ದಿಗೆ ರೋಗಿಗಳಿಗೆ ಡ್ರಿಲ್ಲಿನ ನೆನಪಾಗುತ್ತದಂತೆ. ಸ್ವಲ್ಪ ಹೊತ್ತಿಗೆ ಮೀನುಗಳು ಒಂದೊಂದಾಗಿ ಗಾಜು ಹತ್ತಿ, ನೀರಿನ ಮೇಲಂಚಿಗೆ ಮೂತಿಯಿಟ್ಟು ಅಂಟಿಕೊಳ್ಳುತ್ತಿದ್ದವು.

"ನೋಡಿ, ನನ್ನ ದನಿ ಕೇಳಿದ್ರೆ ಸಾಕು, ಓಡಿ ಬರ್ತವೆ," ಎಂದು ಅವನು ಬೀಗುತ್ತಿದ್ದ. ದವಡೆ ಊದಿದವರು ತಲೆಯಾಡಿಸುತ್ತಿದ್ದರು. ಅವರು ಬೇರೇನು ಮಾಡಿಯಾರು?

"ಅದು ಪ್ರೀತಿ ಅಲ್ಲ ಭಾವ. ಉಸಿರು ಕಟ್ತಿದೆ ಅವಕ್ಕೆ."

"ನಿನ್ನ ಪುಸ್ತಕದ ಮೀನಿಗೆ ಕಟ್ಟಿರಬಹುದು ಕಣಮ್ಮ. ಇವು ನನ್ನ ಮೀನು."

ನನಗೆ ಕೊಟ್ಟುಬಿಡಿ ಎಂದರೆ, "ಸ್ವಂತ ಮಕ್ಕಳನ್ನ ಯಾರಾದ್ರೂ ಕೊಡ್ತಾರಾ?" ಎಂಬ ಉತ್ತರ.

ಒಂದು ದಿನ ಕಲ್ಲುಗಳ ಸಂದಿಯಲ್ಲಿ ಅವಳಿಗೆ ಮರಿಗಳು ಕಂಡವು. ಉಗುರಿನ ಚೂರಿನಷ್ಟೇ ಇದ್ದರೂ, ದೊಡ್ಡವುಗಳಷ್ಟೇ ಗಂಭೀರವಾಗಿ ಕಲ್ಲಿಗಂಟಿ ಪಾಚಿ ಮೇಯುತ್ತಿದ್ದವು. ಮನೆಯ ತೊಟ್ಟಿಗಳಲ್ಲಿ ಈ ಮೀನು ಮರಿ ಮಾಡುವುದೇ ಅಪರೂಪ. ಇವನ ಕೈಯಲ್ಲಿ ಮರಿ ಉಳಿಯುವುದಂತೂ ಕನಸು. ಅವನ್ನು ಹೇಗಾದರೂ ಮನೆಗೆ ಒಯ್ಯಲೇಬೇಕೆಂದು ಹಟ ಹಿಡಿದವಳು, ಹಲ್ಲುನೋವಿನ ನೆಪ ಮಾಡಿಕೊಂಡು ಬಂದಳು. ನೆಪವಾದರೂ ಹುಳುಕು ಮಾತ್ರ ನಿಜವಾಗಿಯೇ ಇತ್ತು.

ಭಾವ ವಸಡಿಗೆ ಸೂಜಿ ಚುಚ್ಚಿ, ಬಾಯಿಗೆ ಹತ್ತಿ ತುರುಕಿ, ಕೊರೆಯತೊಡಗಿದ. ಎದುರಿನವರ ಬಾಯಿ ತೆರೆಸಿಯೂ ಮಾತು ಕಟ್ಟಿಹಾಕುವ ಈ ವೃತ್ತಿ ಅವನಿಗೆ ಹೇಳಿ ಮಾಡಿಸಿದಂತಿತ್ತು.

"ಮರಿ ಹಾಕಿವೆಯಂತಲ್ಲ? ಉಸಿರು ಕಟ್ಟಿದೋರು ಸಂಸಾರ ಮಾಡ್ತಾರಾ, ನೀನೇ ಹೇಳು."

ಅವಳು ಹೇಳುವಂತಿರಲಿಲ್ಲ. ತೆರೆದ ಬಾಗಿಲಾಚೆ ಪಂಪಿನ ಸದ್ದೂ ಇರಲಿಲ್ಲ. ಆರೂ ಮೀನು ಮೇಲಂಚಿನಲ್ಲಿದ್ದವು. ಅವುಗಳ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳು ಗಾಜು ಹತ್ತುತ್ತಿದ್ದವು.

ಅವನ ಕೈಯನ್ನು ತಳ್ಳಿ ಎದ್ದವಳು, ನೇರ ಹೋಗಿ ಪಂಪಿನ ಸ್ವಿಚ್ಚು ಹಾಕಿ ಅದರ ಮೇಲೆ ಅಂಗೈ ಒತ್ತಿ ನಿಂತಳು. ನೀರು ನುಗ್ಗಿತು. ನಿಧಾನಕ್ಕೆ ಮೀನುಗಳು ಗಾಜು ಬಿಟ್ಟಿಳಿದು ಕಲ್ಲಿನ ಸಂದಿ ಸೇರಿದವು.

"ಏನಮ್ಮ, ಅರ್ಧ ಕೊರೆದ ಹಲ್ಲಲ್ಲಿ ಎದ್ದು ಬರ್ತಾರಾ?" ಎನ್ನುತ್ತ ಹಿಂದೆಯೇ ಬಂದ ಭಾವ ಗಾಜಿಗೆ ಬಾಗಿದ. "ಬನ್ರೋ, ಬನ್ರೋ." ಒಂದೂ ಬರಲಿಲ್ಲ.

ಸರದಿಗೆ ಕಾಯುತ್ತಿದ್ದ ಮುದುಕಿ, "ಇವತ್ತು ನಿಮ್ಮನ್ನ ಕ್ಯಾರೇ ಅಂತಿಲ್ವಲ್ಲ ಡಾಕ್ಟ್ರೇ," ಎಂದಳು. ಉಳಿದವರು ಕೆನ್ನೆ ಹಿಡಿದುಕೊಂಡೇ ನಕ್ಕರು.

ಭಾವನ ಕಿವಿ ಕೆಂಪಾಯಿತು. ಮೀನುಗಳು ಸತ್ತಿದ್ದರೂ ಅವನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಸ್ವಿಚ್ಚಿನತ್ತ ಕೈಚಾಚಿದ; ಅವಳು ಜಗ್ಗಲಿಲ್ಲ.

"ಮರಿ ಆದ್ಮೇಲೆ ಕೊಬ್ಬು ಬಂದಿದೆ ಇವಕ್ಕೆ. ಎಲ್ಲಾನೂ ನೀನೇ ತಗೊಂಡು ಹೋಗು. ನಾನು ಕೆಂಪು ಮೀನು ತರ್ತೀನಿ. ಅವಾದ್ರೆ ಮನುಷ್ಯರನ್ನ ಗುರುತು ಹಿಡೀತವೆ."

ಅವಳು ತಡಮಾಡಲಿಲ್ಲ. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ, ಮರಿಗಳಿದ್ದ ಕಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ಇಳಿಸಿ, ದೊಡ್ಡವನ್ನು ಬಲೆಯಲ್ಲಿ ಹಿಡಿದು ಅದರಲ್ಲೇ ಬಿಟ್ಟು, ಪಂಪನ್ನೂ ಕಿತ್ತುಕೊಂಡಳು. ಇಷ್ಟು ಕಾಲ ಕಟ್ಟಿಟ್ಟುಕೊಂಡಿದ್ದ ಮಾತನ್ನು ಬಾಗಿಲಲ್ಲಿ ನಿಂತು ಅವನ ಮುಖಕ್ಕೇ ಹೇಳಿಬಿಟ್ಟಳು. ಮರಗಟ್ಟಿದ ತುಟಿಯಿಂದ ಜೊಲ್ಲು, ಒದ್ದೆ ಹತ್ತಿ, ಒಂದಿಷ್ಟು ಬುಸಬುಸ ಸದ್ದು ಹೊರಬಿದ್ದವು.

"ಪರವಾಗಿಲ್ಲ ಬಿಡಮ್ಮ," ಎಂದ ಭಾವ, ದೊಡ್ಡ ಮನಸ್ಸು ಮಾಡಿ. "ಮನೆಯವರಲ್ಲಿ ಥ್ಯಾಂಕ್ಸ್ ಎಲ್ಲ ಯಾಕೆ?"