ಬಟ್ಟಲ ಮೇಲಿನ ಅಂಗೈ

ಹಸಿರು ದೀಪ ಮಿಣುಕುತ್ತಿದೆ, ಮಿಣುಕಿ ನಿಲ್ಲುತ್ತದೆ, ಮತ್ತೆ ಮಿಣುಕುತ್ತದೆ, ಕಣ್ಣಿಗೆ ಧೂಳು ಬಿದ್ದವರ ಹಾಗೆ — ಸದ್ಯ, ಜೀವ ಇದೆಯಲ್ಲ ಅದಕ್ಕೆ, ಎಂದುಕೊಳ್ಳುತ್ತಾಳೆ ಮೈವೆನ್, ಯಂತ್ರದ ಕೋಣೆಯ ತಣ್ಣನೆ ಗಾಳಿ ಕುತ್ತಿಗೆಯಿಂದ ಒಳಗಿಳಿಯುತ್ತಿದೆ, ಸ್ವೆಟರ್ ಕುರ್ಚಿಯ ಮೇಲೇ ಉಳಿಯಿತು, ತರಬೇಕೆಂದರೆ ಮೇಲಧಿಕಾರಿ ಮುಸ್ಯೂ ಲ ಫ್ಲೋಕ್ ಅವರ ಬಾಗಿಲು ದಾಟಬೇಕು, ದಾಟಿದರೆ ಅವರು ತಲೆಯೆತ್ತುತ್ತಾರೆ, ಏನ್ ಮದ್ಮ್ವಾಜೆಲ್, ಏನಾದ್ರೂ ಗೊತ್ತಾಯ್ತಾ ಎನ್ನುತ್ತಾರೆ, ಗೊತ್ತಾಗಿಲ್ಲ, ಚಳಿಯೇ ವಾಸಿ. ಸಂಜೆಗೆ ಗಿಲ್ವಿನೆಕ್ ಬಂದರಿಗೆ ದೋಣಿಗಳು ಬರುತ್ತವೆ, ಒಂದರ ಬಾಲ ಹಿಡಿದು ಇನ್ನೊಂದು, ಮೀನಿನ ಹರಾಜು ಶುರುವಾಗುತ್ತದೆ, ಕೂಗಿದ ಬೆಲೆಗಳೆಲ್ಲ ಪೊಟ್ಟಣ ಪೊಟ್ಟಣವಾಗಿ, ಒಂದೊಂದು ಪೊಟ್ಟಣವೂ ನೆತ್ತಿಯ ಮೇಲೆ ತನ್ನ ಸಂಖ್ಯೆ ಹೊತ್ತುಕೊಂಡು, ಬ್ರಿಟನಿಯ ಆ ಮೂಲೆಯಿಂದ ಈ ರೆನ್ ಪಟ್ಟಣಕ್ಕೆ ತಂತಿಯೊಳಗೆ ಓಡಿ ಬರಬೇಕು, ಬಂದದ್ದನ್ನು ಸಾಲಾಗಿ ಜೋಡಿಸಿ ವ್ಯಾಪಾರಿಗಳ ಪರದೆಗೆ ದಾಟಿಸುವುದು ಈ ಸರ್ವರ್, ಇದರ ಹೊಟ್ಟೆಯೊಳಗಿನ ಪ್ರೋಗ್ರಾಮ್ ಅವಳದು, ಒಂದೊಂದು ಸಾಲೂ ಅವಳದೇ — ಬೆಳಗಿನಿಂದ ಲಕ್ಷಣವಾಗಿ ಓಡುತ್ತದೆ ದರಿದ್ರದ್ದು, ಹರಾಜು ಬಿರುಸಾದಾಗ ಗಕ್ಕನೆ ನಿಲ್ಲುತ್ತದೆ, ತಂತಿ ತುಂಡಾಗಿಲ್ಲ, ದೀಪ ಆರಿಲ್ಲ, ಆದರೂ ಆ ಕಡೆ ಮಾತಿಲ್ಲ, ಈ ಕಡೆ ಮಾತಿಲ್ಲ, ಸಂಬಂಧಿಕರ ಮನೆಯಲ್ಲಿ ಮುನಿಸಿಕೊಂಡು ಕೂತ ಇಬ್ಬರ ಹಾಗೆ. ಇವತ್ತೂ ನಿಂತ್ರೆ ಪ್ಯಾರಿಸ್‌ನವರ ಪ್ರೋಗ್ರಾಮ್ ಹಾಕಿಸ್ತೀನಿ ಮದ್ಮ್ವಾಜೆಲ್, ಬೇಜಾರು ಮಾಡ್ಕೋಬೇಡಿ, ನಿಮ್ದು ಬೀರುಗೆ ಹೋಗುತ್ತೆ ಅಂದಿದ್ದಾರೆ ಲ ಫ್ಲೋಕ್, ಮೆತ್ತಗೇ ಅಂದರು, ಬೈದಿದ್ದರೆ ವಾಸಿಯಿತ್ತು. ಪ್ಯಾರಿಸ್‌ನಿಂದ ಬಂದ ಸೂಟಿನ ಮನುಷ್ಯ ಆಗಲೇ ಅವರ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ.

ಬೀರು, ಕತ್ತಲು, ಅದರೊಳಗೆ ಅವಳ ಸಾಲುಗಳು, ಯಾರೂ ಓದದ ಅವಳ ಡೈರಿಗಳ ಹಾಗೆ — ಬೇಡ, ಕಾಗದ ನೋಡು, ನಿನ್ನೆಯ ಕಾಗದ, ಎರಡು ಯಂತ್ರಗಳೂ ಪರಸ್ಪರ ಆಡಿದ ಮಾತುಗಳನ್ನೆಲ್ಲ ಮುದ್ರಿಸಿದ ಹಸಿರು ಪಟ್ಟೆಯ ಉದ್ದನೆ ಕಾಗದ, ನೆಲದವರೆಗೂ ಇಳಿಬಿದ್ದಿದೆ, ಪೊಟ್ಟಣ ಬಂತು, ಬಂತು, ಬಂತು, ಸಿದ್ಧವಿಲ್ಲ, ಅಲ್ಲಿಗೆ ಮುಗಿಯಿತು, ಕೆಳಗೆ ಬರಿ ಹಸಿರು ಪಟ್ಟೆ. ನಿಮ್ ಪೆಟ್ಟಿಗೆ ಥೇಟ್ ನಮ್ಮ ಸೋದರತ್ತೆ ಕಣ್ರೀ, ಒಂದ್ಸಲ ಸಾಕು ಅಂದ್ಲು ಅಂದ್ರೆ ಮುಗೀತು, ಆಮೇಲೆ ಈಸ್ಟರ್ ಹಬ್ಬದವರೆಗೂ ಮಾತಿಲ್ಲ, ಅಂದಿದ್ದ ತುಗ್ದುವಾಲ್ ಫೋನಿನಲ್ಲಿ, ಬಂದರಿನ ಯಂತ್ರ ನೋಡಿಕೊಳ್ಳುವವನು, ಮುಖ ಕಂಡಿಲ್ಲ, ದನಿ ಮಾತ್ರ, ದನಿಯ ಹಿಂದೆ ಕಡಲಹಕ್ಕಿಗಳ ಜಗಳ, ಅವಳು ನಗಲಿಲ್ಲ, ಫೋನ್ ಇಟ್ಟ ಮೇಲೆ ನಕ್ಕಳು, ಒಬ್ಬಳೇ, ಬಾಯಿ ಮುಚ್ಚಿಕೊಂಡು. ಇನ್ನೂ ಎಷ್ಟು ದಿನ ಈ ನೀವು-ಗೀವು, ನೀನು ಅಂದ್ರೆ ಆಗಲ್ವಾ, ಎಂದು ಕೇಳಿದ್ದ, ಇವಳು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು, ಪರವಾಗಿಲ್ಲ ಬಿಡಿ, ನೀವಾಗೇ ಹೇಳೋವರೆಗೂ ನಾನು ಆ ಸುದ್ದಿ ಎತ್ತಲ್ಲ ಎಂದ, ಎತ್ತಿಲ್ಲ, ಮಾತಿಗೆ ತಪ್ಪದವನು, ಅವನು ಕಾಯುತ್ತಿದ್ದಾನೆ, ಇವಳು ಅವನು ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿದ್ದಾಳೆ, ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಗೆ ನೀನು ಎನ್ನುತ್ತಾಳೆ, ನೊರೆಯ ಬಾಯಲ್ಲಿ, ನೀನು, ನೀನು —

ಸಿದ್ಧವಿಲ್ಲ. ಯಾರು ಅಂದದ್ದು ಇದನ್ನು, ಬಂದರಿನ ಕಡೆಯದೆಂದೇ ಇಲ್ಲಿ ಎಲ್ಲರೂ ಓದಿದ್ದರು, ಅಂಚಿನ ಗುರುತು ನೋಡಿದರೆ — ಅಯ್ಯೋ, ನಮ್ಮದು, ನಾವೇ ಅಂದದ್ದು. ತಪ್ಪೇನಿಲ್ಲ, ಪೊಟ್ಟಣಗಳು ಒಮ್ಮೆಲೇ ಬಂದು ಬಿದ್ದರೆ ತುಂಬಿದವರು ತಡಿ ಎನ್ನಲೇಬೇಕು, ಚಿಕ್ಕಂದಿನಲ್ಲಿ ಅಜ್ಜಿಯ ಮನೆಯ ಮೇಜಿನ ಮೇಲೆ ಭಾನುವಾರದ ಸಾರು, ನೀಲಿ ಅಕ್ಷರದಲ್ಲಿ ಅವಳ ಹೆಸರು ಬರೆದ, ಎರಡು ಕಡೆ ಕಿವಿಯಂಥ ಹಿಡಿಯಿರುವ ಬಟ್ಟಲು, ಸಾಕು ಎನ್ನಲು ಬಟ್ಟಲ ಮೇಲೆ ಅಂಗೈ ಮುಚ್ಚಬೇಕು, ಬಾಯಿಬಿಡಬಾರದು, ಊಟಕ್ಕೆ ಕೂತಾಗ ಮಕ್ಕಳು ದೊಡ್ಡವರು ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಅಜ್ಜನ ಕಟ್ಟಳೆ, ಒಂದು ಕೈ ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ಓರೆ ಮಾಡಿ ಕುಡಿದಳು, ಬಟ್ಟಲು ಖಾಲಿಯಾಯಿತು, ಹೊಟ್ಟೆ ಇನ್ನೂ ಚುರುಚುರು, ಅಜ್ಜಿ ಸೌಟು ಹಿಡಿದು ಎದುರಿಗೇ ನಿಂತಿದ್ದಾಳೆ, ಬೇಕಾ ಎಂದು ಕೇಳುವುದಿಲ್ಲ, ಕೈ ಇದೆಯಲ್ಲ ಬಟ್ಟಲ ಮೇಲೆ, ಇವಳು ಕೈ ತೆಗೆಯುವುದಿಲ್ಲ, ಅಜ್ಜಿ ಕೇಳಿಲ್ಲವಲ್ಲ, ಸೌಟಿನ ಹಬೆ ಕೈಯ ಬೆನ್ನಿಗೆ ತಾಕಿ ತಣ್ಣಗಾಗುತ್ತಿದೆ, ಇಳಿಬಿದ್ದ ಬೆರಳುಗಳಡಿ ಅರ್ಧ ಮುಚ್ಚಿಹೋದ ಹೆಸರು — ಓ. ಖಾಲಿಯಾದ ಮೇಲೆ ಸಿದ್ಧ ಎಂದು ಹೇಳಬೇಕಾದವರು ಯಾರು, ನಾವು, ಯಾವಾಗ ಹೇಳುವಂತೆ ಬರೆದಿದ್ದೀಯ ಮೈವೆನ್, ಮುಂದಿನ ಪೊಟ್ಟಣ ಬಂದಾಗ, ಅದಕ್ಕೆ ಉತ್ತರವಾಗಿ, ಮುಂದಿನದು ಹೇಗೆ ಬರುತ್ತೆ ಪೆದ್ದೀ, ತಡಿ ಅಂದದ್ದು ನೀನೇ ಅಲ್ಲವಾ, ಯಾರಾದರೂ ಮಾತಾಡಿಸಿದರೆ ಮಾತ್ರ ಮಾತಾಡುವ ಪ್ರೋಗ್ರಾಮ್ ಬರೆದಿದ್ದಾಳೆ, ತನ್ನ ಹಾಗೇ, ಅಚ್ಚು ಹೊಯ್ದ ಹಾಗೆ, ನಗು ಬರುತ್ತಿದೆ, ಕಣ್ಣಲ್ಲಿ ನೀರೂ ಬರುತ್ತಿದೆ, ಬೆರಳು ಆಗಲೇ ಕೀಲಿಗಳ ಮೇಲೆ, ಒಂದೇ ಸಾಲು, ಬಟ್ಟಲು ಖಾಲಿಯಾದ ಕೂಡಲೇ, ಯಾರೂ ಕೇಳದಿದ್ದರೂ, ಸಿದ್ಧ ಅನ್ನು.

ಸಾಲು ಬರೆದರಾಯಿತೇ, ಓಡುವ ಯಂತ್ರಕ್ಕೆ ಹಾಕಲು ಲ ಫ್ಲೋಕ್ ಹೂಂ ಎನ್ನಬೇಕು, ಬಾಗಿಲು, ಒಳಗೆ ಸೂಟಿನವನ ದನಿ, ಕದ ತಳ್ಳುತ್ತಾಳೆ, ಲ ಫ್ಲೋಕ್ ಮಾತು ನಿಲ್ಲಿಸದೆ ಕೈಯೆತ್ತಿ ಅಂಗೈ ತೋರಿಸುತ್ತಾರೆ, ತಡೀರಿ, ಅಂಗೈ, ಅದೇ ಅಂಗೈ, ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಕಾರಿಡಾರಿನ ಆ ತುದಿಯಲ್ಲಿರುತ್ತಿದ್ದಳು. ಇಲ್ಲ ಮುಸ್ಯೂ, ಈಗಲೇ, ದೋಣಿಗಳು ಬರೋ ಮುಂಚೆ, ಎನ್ನುತ್ತದೆ ಯಾರದೋ ದನಿ, ಅವಳದೇ. ತಪ್ಪು ನಮ್ಮ ಕಡೇದು, ಸಿಕ್ಕಿದೆ, ಒಂದೇ ಸಾಲು. ಪರೀಕ್ಷೆ ಮಾಡ್ದೆ ಹಾಕೋದಾ ಮದ್ಮ್ವಾಜೆಲ್, ಹುಡುಗಾಟವಾ. ಸಣ್ಣ ಪರೀಕ್ಷೇಲಿ ಬಟ್ಟಲು ತುಂಬೋದೇ ಇಲ್ಲ ಮುಸ್ಯೂ, ಹರಾಜೇ ಪರೀಕ್ಷೆ. ಸೂಟಿನವನು ಹುಬ್ಬೇರಿಸಿ, ಯಾವ ಬಟ್ಟಲು ಎನ್ನುತ್ತಾನೆ, ಲ ಫ್ಲೋಕ್ ಅವನ ಕಡೆ ನೋಡುವುದಿಲ್ಲ, ಇವಳನ್ನೇ ನೋಡುತ್ತಾರೆ, ನಿಮಗೊಂದು ಗಂಟಲು ಇದೆ ಅಂತ ಇವತ್ತು ಗೊತ್ತಾಯ್ತು ನೋಡಿ, ಹೋಗಿ, ಹಾಕಿ, ನಿಂತ್ರೆ ಮಾತ್ರ ಈ ಮಹಾಶಯರದ್ದೇ.

ಬಂತು, ಮೊದಲನೇ ದೋಣಿ, ಸಿಗಡಿ, ಮಂಕ್‌ಫಿಶ್, ಬೆಲೆಗಳು ಪರದೆಯ ಮೇಲೆ ಏರುತ್ತಿವೆ, ಎರಡನೇದು, ಮೂರು ಒಟ್ಟಿಗೇ, ಲ ಫ್ಲೋಕ್ ಅವಳ ಬೆನ್ನ ಹಿಂದೆ ಉಸಿರಾಡುತ್ತಿದ್ದಾರೆ, ಪೊಟ್ಟಣದ ಮೇಲೆ ಪೊಟ್ಟಣ, ತುಂಬಿತು, ಸಿದ್ಧವಿಲ್ಲ, ದೀಪ ನಿಂತಿತು — ನಿಂತೇ ಇದೆ — ಹೇಳು, ಯಾರೂ ಕೇಳಲ್ಲ, ನೀನಾಗೇ ಹೇಳು — ಸಿದ್ಧ. ದೀಪ ಮಿಣುಕಿತು, ಓಡಿತು, ತುಂಬಿತು, ಸಿದ್ಧವಿಲ್ಲ, ಸಿದ್ಧ, ಓಡಿತು, ಹಿಂದಿನಿಂದ ಲ ಫ್ಲೋಕ್ ಅವಳ ಸ್ವೆಟರ್ ತಂದು ಹೆಗಲಿಗೆ ಹಾಕುತ್ತಾರೆ, ಫೋನ್ ಬಡಿದುಕೊಳ್ಳುತ್ತಿದೆ, ಅವನೇ, ಹಲೋ, ಏನ್ ಮಾಡಿದ್ರಿ ಮಾರಾಯ್ರೇ, ನಮ್ಮತ್ತೆ ಮಾತಾಡ್ತಿದಾಳಲ್ಲ, ಇಲ್ಲಿ ಹರಾಜುಕಟ್ಟೇಲಿ ಶಿಳ್ಳೆ ಹೊಡೀತಿದಾರೆ, ಕೇಳಿಸ್ತಾ ನಿಮಗೆ, ಕೇಳಿಸುತ್ತಿದೆ, ಶಿಳ್ಳೆ, ಕಡಲಹಕ್ಕಿ, ಅವನ ಉಸಿರು, ಅವನು ಕೇಳುವುದಿಲ್ಲ, ಮಾತು ಕೊಟ್ಟಿದ್ದಾನೆ, ಈ ಬಾರಿ ಅವಳ ಬಾಯಲ್ಲಿ ನೊರೆಯಿಲ್ಲ, ಕನ್ನಡಿಯಿಲ್ಲ, ತುಗ್ದುವಾಲ್, ಎಂದಳು, ಕೇಳಿಸ್ತಿದೆ, ನೀನು — ನೀನು ಇನ್ನೂ ಸ್ವಲ್ಪ ಹೊತ್ತು ಫೋನ್ ಇಡಬೇಡ — ಅಜ್ಜಿಯ ಮೇಜು, ಪಕ್ಕಕ್ಕೆ ಸರಿದ ಅಂಗೈ, ಖಾಲಿ ಬಟ್ಟಲು, ನೀಲಿ ಅಕ್ಷರದ ಇಡೀ ಹೆಸರು, ಅದರ ಮೇಲೆ ಬಾಗುತ್ತಿರುವ, ಹಬೆಯಾಡುವ ಸೌಟು