ಬಾಗಿಲ ಕಲ್ಲಿನ ಕೆಳಗಿನ ತಗಡು

ಕಾದ ಕಬ್ಬಿಣದ ಮೇಲೆ ಶೇಂಗಾ ಎಣ್ಣೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಒಗ್ಗರಣೆಯ ವಾಸನೆಯಲ್ಲ ಅದು. ನನ್ನ ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಸಂಜೆ ಅವರು ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ಇಡೀ ಪಡಸಾಲೆಗೆ ಆ ವಾಸನೆ ಹರಡುತ್ತಿತ್ತು. ಈಚೆಗೆ ಹೊಸಪೇಟೆಯ ನಮ್ಮ ಮನೆಯ ಮಹಡಿ ಮೆಟ್ಟಿಲಲ್ಲಿ ಅದೇ ವಾಸನೆ ಸಿಕ್ಕಾಗ ನನಗೆ ಅಪ್ಪನ ನೆನಪಿಗಿಂತ ಮೊದಲು ಬಂದದ್ದು ಅನುಮಾನ.

ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು ಸಂಘಮಿತ್ರಾ. ಕಂಪ್ಲಿಯ ಬೌದ್ಧರ ಮನೆಯ ಹುಡುಗಿ, ವಡ್ಡು ಕಡೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ. ಕೋಣೆ ಹುಡುಕುವಾಗ ಹೆಸರು ಕೇಳಿದ ಮೇಲೆ ಖಾಲಿ ಇಲ್ಲ ಅಂದವರೇ ಹೆಚ್ಚಂತೆ. ಊಟ ಕ್ಯಾಂಟೀನಿನಲ್ಲಿ; ಕೋಣೆಯಲ್ಲಿ ಒಲೆಯೇ ಇರಲಿಲ್ಲ. ಆದರೂ ಆಗಾಗ ಸಣ್ಣ ಬಟ್ಟಲು ಹಿಡಿದು ಬಂದು, "ಅಮ್ಮಾರ, ಚೂರು ಎಣ್ಣಿ ಕೊಡ್ರಿ" ಅನ್ನುತ್ತಿದ್ದಳು. ಯಾತಕ್ಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕೆಳಗಿನ ಮುಂಭಾಗದಲ್ಲಿ ನನ್ನ ಓರಗಿತ್ತಿ ನೀಲಗಂಗಮ್ಮ ಇದ್ದಾಳೆ. ಅವಳ ಮಗಳು ಶಿಲ್ಪಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಬೆಳಿಗ್ಗೆ ನೀಲಗಂಗಮ್ಮ ಬಾಗಿಲು ತೊಳೆಯುವಾಗ ಹೊಸ್ತಿಲ ಮುಂದಿನ ಮೆಟ್ಟಿಲುಗಲ್ಲಿನ ಕೆಳಗಿಂದ ಏನೋ ಮಿಂಚಿತು. ಕಸಬರಿಗೆಯ ತುದಿಯಿಂದ ಎಳೆದರೆ ದುಂಡನೆಯ ತಗಡಿನ ಬಿಲ್ಲೆ. ಅದರ ಹಿಂದೆ ಇನ್ನೂ ಎರಡು. ಮೂರಕ್ಕೂ ನಡುವೆ ತೂತು, ಅದರ ಸುತ್ತ ಗೀರಿದ ಅಡ್ಡಗೆರೆ ಉದ್ದಗೆರೆ, ಒಂದರೊಳಗೊಂದು ವೃತ್ತ, ಎಣ್ಣೆ, ಕೆಂಧೂಳು.

"ನೋಡ್ರಿ ಅಕ್ಕಾರ, ಬಸುರಿ ದಾಟೋ ಜಾಗದಾಗ ತಗಡು ಇಟ್ಟಾರ."

ಕೇಡು ಬಯಸುವವರು ತಗಡಿನ ಮೇಲೆ ಮಾಟದ ಯಂತ್ರ ಬರೆಸಿ ಬಾಗಿಲಲ್ಲಿ ಹೂಳುತ್ತಾರೆ ಅಂತ ನಮ್ಮ ಕಡೆ ಹುಡುಗರಿಗೂ ಗೊತ್ತು. ನಾನು ಬಿ.ಎಸ್ಸಿ. ಓದಿದವಳು, ನಂಬುವುದಿಲ್ಲ. ಆದರೂ ಆ ಕಲ್ಲು ತುಳಿಯದೆ ಪಕ್ಕದಿಂದ ಇಳಿದೆ.

"ಯಾರು ಇಟ್ಟಾರಂತ ನಿಂಗೇನು ಗೊತ್ತು?"

"ಮ್ಯಾಲಿನಾಕಿ ಬಿಟ್ರ ಮತ್ಯಾರು? ಕಿರ್ ಕಿರ್ ಸಪ್ಪಳ ನಿಮಗ ಕೇಳಂಗಿಲ್ಲೇನು? ಸಂಜಿಯೊಳಗ ಆಕಿ ರೂಮ್ ಖಾಲಿ ಮಾಡ್ಬೇಕು. ಇಲ್ಲಾಂದ್ರ ನಾನು ಮಗಳನ್ನ ಕರ್ಕೊಂಡು ಗಾದಿಗನೂರಿಗೆ, ನಮ್ಮಣ್ಣನ ಮನಿಗೆ ಹೋಗ್ತೀನಿ."

ಒಂದು ಬಿಲ್ಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಖಾಲಿ ಮಾಡು ಅನ್ನುವ ಮಾತನ್ನು ಹೇಗೆ ಹೇಳಲಿ ಅಂದುಕೊಳ್ಳುತ್ತ ಮಹಡಿ ಹತ್ತಿದೆ. ಬಾಗಿಲು ತೆರೆದೇ ಇತ್ತು. ಸಂಘಮಿತ್ರಾ ಮೇಜಿನ ಮೇಲಿನ ತಗಡಿನ ಪೆಟ್ಟಿಗೆಯನ್ನು ಎಡಗೈಲಿ ಒತ್ತಿ ಹಿಡಿದು, ಬಲಗೈಲಿ ಸ್ಪ್ಯಾನರಿನಿಂದ ದಪ್ಪ ಬೋಲ್ಟೊಂದನ್ನು ತಿರುಗಿಸುತ್ತಿದ್ದಳು.

"ಬರ್ರಿ ಅಮ್ಮಾರ, ಕುಂದ್ರಿ. ಇನ್ನೊಂದು ಸುತ್ತು ಐತಿ, ಮುಗೀತು."

ಬೋಲ್ಟಿನ ಸುರುಳಿ ಹಲ್ಲುಗಳಿಗೆ ನನ್ನ ಮನೆಯ ಎಣ್ಣೆಯನ್ನು ಬೆರಳಿನಿಂದ ಹಚ್ಚಿದಳು. ತಗಡಿನ ಆಚೆ ಒಂದು ಉಕ್ಕಿನ ಬಟ್ಟಲು, ಈಚೆ ಹರಿತವಾದ ಅಚ್ಚು. ನಡುವಿನ ಬೋಲ್ಟ್ ಬಿಗಿಯಾದಂತೆ ಅಚ್ಚು ತಗಡನ್ನು ಕಚ್ಚುತ್ತ ಹೋಗುತ್ತಿತ್ತು. ಟಕ್ ಅಂದಿತು. ನಡುವೆ ಬೋಲ್ಟಿನ ತೂತಿದ್ದ ಅಂಗೈಯಗಲದ ಬಿಲ್ಲೆ ಪೇಪರಿನ ಮೇಲೆ ಬಿತ್ತು.

"ಮುಟ್ರಿ," ಅಂತ ನನ್ನ ಬೆರಳು ಹಿಡಿದು ಪೆಟ್ಟಿಗೆಯ ಹೊಸ ತೂತಿನ ಅಂಚಿನ ಸುತ್ತ ಒಯ್ದಳು. ಎಲ್ಲೂ ಚುಚ್ಚಲಿಲ್ಲ. "ಸಣ್ಣ ಸಣ್ಣ ತೂತು ಹೊಡ್ದು ಕಿತ್ರ ಅಂಚು ಗರಗಸ ಆಗ್ತೈತಿ, ವೈರ್ ಹರೀತೈತಿ. ಇಲ್ಲಿ ಫ್ಯಾನ್ ಕುಂದರ್ಬೇಕು. ನಮ್ಮ ಕಂಪ್ಲಿ ಬುದ್ಧ ವಿಹಾರದ ಮೈಕ್ ಸೆಟ್ಟಿನ ಪೆಟ್ಟಿಗಿ ಇದು."

"ಈ ಗೆರಿ ಯಾತಕ್ಕ?"

"ಗೆರಿ ಹಾಕ್ದಿದ್ರ ನಡು ಎಲ್ಲಿ ಅಂತ ಹೆಂಗ ಗೊತ್ತಾಗ್ಬೇಕ್ರಿ?"

ಮನಸ್ಸು ಹಗುರಾಯಿತು, ಆದರೆ ಒಂದು ಗಳಿಗೆ ಮಾತ್ರ. ಇಲ್ಲಿ ಕತ್ತರಿಸಿದ ಬಿಲ್ಲೆಗಳು ಬಸುರಿಯ ಬಾಗಿಲಿಗೆ ಯಾಕೆ ಹೋದವು? ಸೆರಗಿನಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟೆ.

"ಇದನ್ನ ಕಲ್ಲಿನ ಕೆಳಗ ಇಟ್ಟಾಕಿ ನೀನೇನು?"

"ಹೂಂ, ನಾನ."

"ಕೇಳಿದ್ರಿಲ್ಲ? ಒಪ್ಕೊಂಡ್ಳು." ನನ್ನ ಹಿಂದೆಯೇ ಹತ್ತಿ ಬಂದಿದ್ದ ನೀಲಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. "ನೀವು ಬೌದ್ಧರು ದೇವ್ರನ್ನ ನಂಬಂಗಿಲ್ಲ ಅಂತೀರಿ. ಮಾಟ ಮಾತ್ರ ಬರ್ತೈತಿ."

ಹುಡುಗಿ ಸ್ಪ್ಯಾನರ್ ಕೆಳಗಿಟ್ಟಳು. "ದೇವ್ರನ್ನ ನಂಬದಾಕಿ ದೆವ್ವನ್ನ ಹೆಂಗ ನಂಬ್ಲಿ ನೀಲಗಂಗಮ್ಮಾರ?" ಅಂದಳು. ನಗಲು ನೋಡಿದಳು, ಆಗಲಿಲ್ಲ. "ಆ ಕಲ್ಲು ಅಲ್ಲಾಡ್ತಿತ್ರಿ. ಶಿಲ್ಪಕ್ಕ ಕೊಡ ಹಿಡ್ಕೊಂಡು ವಾಲಿದ್ದು ನೋಡ್ದೆ. ಡ್ಯೂಟಿಗೆ ಹೋಗೋ ಗಡಿಬಿಡ್ಯಾಗ ಸಂದಿಗೆ ತುರುಕಿದೆ."

"ಹೇಳಿ ಇಡಬೇಕಿಲ್ಲ?"

"ನೀವು ನನ್ನ ಕೂಡ ಎಂದರ ಮಾತಾಡೀರೇನ್ರಿ?"

"ಕಥಿ ಭಾಳ ಚೊಲೊ ಕಟ್ತಾಳ," ಅನ್ನುತ್ತ ನೀಲಗಂಗಮ್ಮ ಇಳಿದಳು. ನಾವೂ ಮೇಜಿನ ಮೇಲಿನ ಬಿಲ್ಲೆ ಹಿಡಿದು ಹಿಂದೆ ಹೋದೆವು. ಅಷ್ಟರಲ್ಲಿ ಜೋರುದನಿ ಕೇಳಿದ ಶಿಲ್ಪಶ್ರೀ ಒಳಗಿಂದ ಬಂದು ಹೊಸ್ತಿಲು ದಾಟಿ ಕಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ಮಗುಚಿದಂತೆ ವಾಲಿತು. ತಾಯಿ ಒಂದು ರಟ್ಟೆ ಹಿಡಿದಳು. ಇನ್ನೊಂದನ್ನು ಹಿಡಿದವಳು ಸಂಘಮಿತ್ರಾ.

"ಈ ನಾಕ್ ದಿನ ಗಟ್ಟಿ ಆಗಿತ್ತಲ್ಲವ್ವಾ," ಅಂದಳು ಶಿಲ್ಪಶ್ರೀ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಯಾರು ಕಿತ್ತಿದ್ದು?"

ಸಂಘಮಿತ್ರಾ ಮಂಡಿಯೂರಿ ಬಿಲ್ಲೆಗಳನ್ನು ಒರೆಸಿ ಮತ್ತೆ ಸಂದಿಗೆ ಸೇರಿಸತೊಡಗಿದಳು. ನೀಲಗಂಗಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು.

"ಗೆರಿ ಇರೋ ಕಡಿ ಕೆಳಗ ಮಾಡು," ಅಂದಳು ಕೊನೆಗೆ.

ಹುಡುಗಿ ತಿರುವಿಟ್ಟಳು.

ಸಂಜೆ ಕಾರ್ಖಾನೆ ಬಸ್ಸಿನ ಹೊತ್ತಿಗೆ ಸಂಘಮಿತ್ರಾ ಬ್ಯಾಗು ಹೆಗಲಿಗೆ ಹಾಕಿ ಇಳಿದು ಬಂದಳು. "ಅಮ್ಮಾರ, ರೂಮಿಂದು ಏನು ಮಾಡ್ಲಿ?" ಅಂತ ಕೇಳಿದಳು. ನಾನು ಉತ್ತರಿಸುವ ಮೊದಲೇ ನೀಲಗಂಗಮ್ಮ ಒಳಗಿಂದ ಬಂದಳು. ಬಿಳಿ ಬಟ್ಟೆಯಲ್ಲಿ ಬಿಸಿ ರೊಟ್ಟಿ ಕಟ್ಟಿದ್ದಳು, ಮೇಲೊಂದು ಪಲ್ಯದ ಡಬ್ಬಿ. ಹುಡುಗಿಯ ಮುಖ ನೋಡದೆ, "ಡಬ್ಬಿ ನಾಳಿ ಮುಂಜಾನಿ ವಾಪಸ್ ಕೊಡು," ಅಂದಳು. ಕಟ್ಟೆಯ ಮೇಲೆ ಇಡದೆ, ಗಂಟನ್ನು ಅವಳ ಕೈಗೇ ಕೊಟ್ಟಳು.