ಏಳನೇ ತಿರುವಿನ ಬೋರ್ಡು

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಮೇಲೆ ಹನ್ನೊಂದು ಜನ ಕೂತಿದ್ದರು. ಅವರಲ್ಲಿ ಹತ್ತು ಜನ ಮೆಕಾನಿಕ್‌ನ ಹುಟ್ಟಡಗಿಸುವ ಮಾತಾಡುತ್ತಿದ್ದರು. ಹನ್ನೊಂದನೆಯವನು ವಾಚ್ ರಿಪೇರಿಯವನು. ಅವನೊಬ್ಬ ಮಾತ್ರ ಚಹಾ ಲೋಟದ ತಳ ನೋಡುತ್ತಾ ಕೂತಿದ್ದ. ಇವನನ್ನು ಎಲ್ಲರೂ ಸೆಕೆಂಡಣ್ಣ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ.

ಗುಬ್ಬಿ ಸತ್ತು ಮೂರು ದಿನವಾಗಿತ್ತು. ಗುಬ್ಬಿ ಎಂದರೆ ಮೋಟಾರ್‌ಬೈಕ್ ರೇಸಿನ ಹುಡುಗ, ಇಪ್ಪತ್ತಾರು ವರ್ಷ, ಐವತ್ತೆರಡು ಕಿಲೋ. ಬೈಕಿನ ಮೇಲೆ ಬಗ್ಗಿ ಕೂತರೆ ಯಾರೋ ಟ್ಯಾಂಕಿನ ಮೇಲೆ ಜಾಕೆಟ್ ಒಣಹಾಕಿದ ಹಾಗೆ ಕಾಣುತ್ತಿದ್ದ. ಭಾನುವಾರ ಮಧ್ಯಾಹ್ನ, ಕೈಗೆ ಬಂದ ರೇಸಿನಲ್ಲಿ, ಇನ್ನು ಎರಡೇ ಸುತ್ತು ಉಳಿದಿರುವಾಗ, ಒಂಬತ್ತನೇ ತಿರುವಿನಲ್ಲಿ ಜಾರಿ ಗೋಡೆಗೆ ಹೊಡೆದ. ಆಸ್ಪತ್ರೆಗೆ ಒಯ್ಯುವಷ್ಟೂ ಜೀವ ಉಳಿದಿರಲಿಲ್ಲ.

"ಆರು ಸೆಕೆಂಡ್ ಮುಂದಿದ್ದ ಕಣ್ರೀ," ಎಂದ ಬೇಕರಿಯವನು. "ಪೇಪರಲ್ಲೂ ಬಂದಿದೆ, ಆರು ಸೆಕೆಂಡು. ಹಾಡು ಹೇಳ್ಕೊಂಡು ಬಂದಿದ್ರೂ ಗೆಲ್ತಿದ್ದ. ಅಂಥೋನು ಹೋಗಿ ಗೋಡೆಗೆ ಬೀಳ್ತಾನೆ ಅಂದ್ರೆ ಗಾಡಿ ಕೈ ಕೊಟ್ಟಿದೆ. ಗಾಡಿ ರೆಡಿ ಮಾಡಿದ್ದು ಯಾರು?"

"ಆ ಮನುಷ್ಯ ಶ್ರದ್ಧಾಂಜಲಿ ಸಭೆಗೆ ಬರ್ಲಿ ನೋಡೋಣ," ಎಂದಳು ನರ್ಸಮ್ಮ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಮಕ್ಕಳಿಗೆ ಮುದ್ದು ಮಾಡುವ ಹೆಂಗಸು ಅವಳು. "ಗೇಟಲ್ಲೇ ನಿಲ್ಸಿ ಮುಖಕ್ಕೆ ಉಗೀತೀನಿ."

ಇವರು ತಮ್ಮನ್ನು ಏಳನೇ ತಿರುವಿನವರು ಎಂದು ಕರೆದುಕೊಳ್ಳುತ್ತಿದ್ದರು. ಟ್ರ್ಯಾಕಿನ ಆ ಮೂಲೆಗೆ ಟಿಕೆಟ್ ಅಗ್ಗ, ನೆರಳಿಲ್ಲ, ಮೈಕಿನಲ್ಲಿ ಕೂಗಿ ಹೇಳುವುದೂ ಅಲ್ಲಿಗೆ ಮುಟ್ಟುವುದಿಲ್ಲ. ಯಾರು ಯಾರಿಗಿಂತ ಎಷ್ಟು ಮುಂದೆ ಎಂದು ಗೊತ್ತಾಗದೆ ಕುರುಡರ ಹಾಗೆ ಕೂರಬೇಕು. ಅದಕ್ಕೇ ಒಂಬತ್ತು ವರ್ಷದ ಹಿಂದೆ ಸೆಕೆಂಡಣ್ಣ ಅಂಗಡಿಯಿಂದ ಸ್ಟಾಪ್‌ವಾಚ್ ತಂದ. ಗುಬ್ಬಿ ಮುಂದಿನಿಂದ ಹೋದ ಕೂಡಲೇ ಒತ್ತುವುದು, ಹಿಂದಿನವನು ಹೋದ ಕೂಡಲೇ ಮತ್ತೆ ಒತ್ತುವುದು, ಬಂದ ಅಂತರವನ್ನು ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯುವುದು. ಗುಬ್ಬಿ ಸುತ್ತಿ ಬರುವ ಹೊತ್ತಿಗೆ ಬೇಕರಿಯವನು ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದ. ತಂಡದವರದ್ದೂ ಇಂಥದ್ದೇ ಒಂದು ಬೋರ್ಡಿತ್ತು, ಟ್ರ್ಯಾಕಿನ ಆಚೆ ಬದಿಯಲ್ಲಿ. ಅದನ್ನು ಮೆಕಾನಿಕ್ ಹಿಡಿಯುತ್ತಿದ್ದ. ಗುಬ್ಬಿ ಅದನ್ನೂ ನೋಡುತ್ತಿದ್ದ, ಇದನ್ನೂ ನೋಡುತ್ತಿದ್ದ. ಇದನ್ನು ನೋಡಿದೆ ಎನ್ನುವುದಕ್ಕೆ ಎಡಗೈಯ ಎರಡು ಬೆರಳು ಎತ್ತುತ್ತಿದ್ದ. ಆ ಎರಡು ಬೆರಳಿಗಾಗಿ ಈ ಜನ ರಜಾ ಹಾಕಿ, ಮನೆಯವರ ಬಾಯಿಗೆ ಬಿದ್ದು, ಬಿಸಿಲಲ್ಲಿ ಬೆಂದುಕೊಂಡು ಕೂರುತ್ತಿದ್ದರು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಹಲಗೆಯ ಮುಖ ಇರುತ್ತಿದ್ದದ್ದು ಟ್ರ್ಯಾಕಿನ ಕಡೆಗೆ. ಎತ್ತಿ ಹಿಡಿಯುವ ಬೇಕರಿಯವನಿಗೂ ಹಿಂದೆ ಕೂತವರಿಗೂ ಕಾಣುವುದು ಬಣ್ಣವಿಲ್ಲದ ಬೆನ್ನು ಮಾತ್ರ. ಬರೆದವನು ಸೆಕೆಂಡಣ್ಣ, ಓದುವವನು ಗುಬ್ಬಿ. ನಡುವೆ ಇನ್ನೊಬ್ಬರ ಕಣ್ಣು ಬೀಳುತ್ತಿರಲಿಲ್ಲ. ಬೀಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಯಾಕೆಂದರೆ ಸೆಕೆಂಡಣ್ಣ ತಪ್ಪು ಬರೆದ ದಿನ ಇರಲೇ ಇಲ್ಲ.

ಭಾನುವಾರ ಅವನು ತಪ್ಪು ಬರೆದ. ಕೈತಪ್ಪಿ ಅಲ್ಲ, ಬೇಕೆಂದೇ ಬರೆದ.

ಗುಬ್ಬಿ ಆವತ್ತು ನಾಲ್ಕು ಸೆಕೆಂಡ್ ಮುಂದಿದ್ದ, ತರಕಾರಿ ತರಲು ಹೊರಟವನ ಹಾಗೆ ಆರಾಮವಾಗಿ ಓಡಿಸುತ್ತಿದ್ದ. ಹಾಗಿದ್ದರೂ ಅವನ ಒಂದೊಂದು ಸುತ್ತು ಆ ಟ್ರ್ಯಾಕಿನ ದಾಖಲೆಗಿಂತ ಬರೀ ಅರ್ಧ ಸೆಕೆಂಡ್ ಹಿಂದೆ ಇತ್ತು. ಅದು ಏಳನೇ ತಿರುವಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಸ್ಟಾಪ್‌ವಾಚ್ ಹಿಡಿದವನ ಅಂಗೈಯಲ್ಲಿತ್ತು. ಅರ್ಧ ಸೆಕೆಂಡು. ಸೆಕೆಂಡಣ್ಣನಿಗೆ ತಡೆಯಲಾಗಲಿಲ್ಲ. ಹಿಂದಿನವನು ಹತ್ತಿರ ಬರುತ್ತಿದ್ದಾನೆ ಎಂದರೆ ಹುಡುಗ ಆಕ್ಸಿಲರೇಟರ್ ತಿರುಗಿಸುತ್ತಾನೆ, ದಾಖಲೆ ಮುರಿಯುತ್ತದೆ, ಮುರಿದದ್ದನ್ನು ಮೊದಲು ಕಂಡವನು ತಾನಾಗುತ್ತೇನೆ. ನಾಲ್ಕು ಇದ್ದ ಕಡೆ ಮೂರು ಎಂದು ಬರೆದುಕೊಟ್ಟ.

ಎರಡು ಬೆರಳು ಮೇಲೆದ್ದವು. ಬೈಕಿನ ಸದ್ದೇ ಬದಲಾಯಿತು. ಮುಂದಿನ ಸುತ್ತಿನಲ್ಲಿ ನಿಜವಾದ ಅಂತರ ಐದಾಗಿತ್ತು. ಇವನು ಎರಡು ಎಂದು ಬರೆದ. ಮತ್ತೆ ಎರಡು ಬೆರಳು. ಏಳನೇ ತಿರುವಿನವರು ಎದ್ದು ನಿಂತು ಕುಣಿಯುತ್ತಿದ್ದರು, ನರ್ಸಮ್ಮ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದಳು. ಜೀವಮಾನದಲ್ಲಿ ಸೆಕೆಂಡಣ್ಣನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರನೇ ಸಲ ಅಂತರ ಆರು ಇತ್ತು. ಒಂದು ಎಂದು ಬರೆದ. ಗುಬ್ಬಿ ಓದಿದ, ಈ ಸಲ ಬೆರಳು ಎತ್ತಲಿಲ್ಲ, ಕೈ ಬಿಡುವಷ್ಟು ವೇಳೆ ಅವನಿಗಿರಲಿಲ್ಲ. ಎಂಟನೇ ತಿರುವು ದಾಟಿದ ಸದ್ದು ಕೇಳಿತು. ಆಮೇಲೆ ಸದ್ದು ನಿಂತುಹೋಯಿತು.

ಎಲ್ಲರೂ ಬೇಲಿಯ ಕಡೆ ಓಡಿದರು. ಸೆಕೆಂಡಣ್ಣ ಓಡಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಹಲಗೆಯನ್ನು ಅಂಗಿಯ ತೋಳಿನಿಂದ ಒರೆಸಿದ. ಪಾಪ ಎನ್ನಬೇಡಿ, ಆ ಗಳಿಗೆಯಲ್ಲೂ ಅವನಿಗೆ ಮೊದಲು ಹೊಳೆದದ್ದು ಒರೆಸುವುದೇ.

"ಅಣ್ಣ," ಎಂದ ಬೇಕರಿಯವನು, ಮೂಟೆಯಿಂದ ಎದ್ದು ಬಂದು. "ಇವತ್ತು ನಾಲ್ಕು ಗಂಟೆಗೆ ಸಭೆ. ಫೋಟೋ ಕೆಳಗೆ ನಮ್ಮ ಹಲಗೆ ಇಡೋಣ ಅಂತಿದ್ದೀವಿ. ಕೊನೇ ಸಲ ನೀನು ಬರೆದಿದ್ದು ಅಳಿಸಿಹೋಗಿದೆ. ಪೇಂಟಲ್ಲಿ ಬರೆದುಬಿಡು, ಶಾಶ್ವತವಾಗಿ ಇರ್ಲಿ. ಆರು ತಾನೆ?"

ಹತ್ತು ಮುಖಗಳು ಇವನ ಕಡೆ ತಿರುಗಿದವು.

"ಹ್ಞೂಂ," ಎಂದ ಸೆಕೆಂಡಣ್ಣ. "ಆರು."

ಬಿಳಿ ಬಣ್ಣ, ಕುಂಚ ಎಲ್ಲ ತಂದಿಟ್ಟಿದ್ದರು. ಗಡಿಯಾರದ ಮುಳ್ಳು ಕೂರಿಸುವ ಕೈ, ನಡುಗದೆ ಬರೆಯಿತು. ಚೆನ್ನಾಗಿ ಬಂದಿದೆ ಎಂದು ನರ್ಸಮ್ಮ ಅವನ ಬೆನ್ನು ಸವರಿದಳು, ಸವರುತ್ತಲೇ ಅತ್ತಳು. ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಬಿದ್ದವನು ನೆಟ್ಟಗೆ ಮೆಕಾನಿಕ್‌ನ ಶೆಡ್ಡಿಗೆ ಹೋದ. ಹೇಳಿಬಿಡಬೇಕು ಎಂದೇ ಹೋದದ್ದು.

ಶೆಡ್ಡಿನ ಗಾಜು ಯಾರೋ ಒಡೆದಿದ್ದರು. ಚೂರುಗಳನ್ನು ಗುಡಿಸಿ ಒಂದು ಮೂಲೆಗೆ ಸೇರಿಸಲಾಗಿತ್ತು. ಒಳಗೆ ಗುಬ್ಬಿಯ ಬೈಕು, ಮುಂದಿನ ಚಕ್ರವಿಲ್ಲದೆ, ಸ್ಟ್ಯಾಂಡಿನ ಮೇಲಿತ್ತು. ಮೆಕಾನಿಕ್ ನೆಲದ ಮೇಲೆ ಕೂತು ಆಕ್ಸಿಲರೇಟರ್ ಕೇಬಲ್ಲನ್ನು ಹಳೇ ಪೇಪರಿನ ಮೇಲೆ ಉದ್ದಕ್ಕೆ ಹಾಸಿ, ಒಂದು ತುದಿ ಹಿಡಿದು ಎಳೆಯುತ್ತಿದ್ದ, ಬಿಡುತ್ತಿದ್ದ, ಎಳೆಯುತ್ತಿದ್ದ. ಮೂರು ದಿನದಿಂದ ಗಡ್ಡ ಬೋಳಿಸಿಕೊಂಡಿರಲಿಲ್ಲ.

"ಬನ್ನಿ ಸಾರ್. ನೀವೂ ಬಯ್ಯಕ್ಕೆ ಬಂದ್ರಾ?"

"ಇಲ್ಲಪ್ಪ."

"ಬಯ್ದ್ರೂ ಬೇಜಾರಿಲ್ಲ." ಅವನು ಕೇಬಲ್ ಎಳೆದ. "ಇನ್ನೂರು ಸಲ ಎಳೆದು ನೋಡ್ದೆ. ಬೆಣ್ಣೆ ಥರ ಓಡುತ್ತೆ. ಆದ್ರೆ ಆವತ್ತು ಸಿಕ್ಕಾಕೊಂಡಿರ್ಲೇಬೇಕು. ಇಲ್ದಿದ್ರೆ ಹೇಳಿ, ನಾನು ನಾಲ್ಕು ತೋರಿಸ್ದೆ, ಐದು ತೋರಿಸ್ದೆ, ಆರು ತೋರಿಸ್ದೆ. ನಿಧಾನ ಅಂತ ಕೈ ಬೇರೆ ಬೀಸ್ದೆ. ಅವನು ಜಾಸ್ತಿ ಜಾಸ್ತಿ ಓಡಿಸ್ತಾನೆ. ಯಾಕೆ ಸಾರ್? ಆರು ಸೆಕೆಂಡ್ ಇಟ್ಕೊಂಡು ಯಾರಾದ್ರೂ ಹಂಗೆ ಹೋಗ್ತಾರಾ?"

ಸೆಕೆಂಡಣ್ಣ ಬಾಯಿ ತೆರೆದ.

"ಸಭೇಲಿ ಗುಬ್ಬಿ ಅಕ್ಕನ ಹತ್ರ ಒಪ್ಕೊಂಬಿಡ್ತೀನಿ," ಎಂದ ಮೆಕಾನಿಕ್. "ಕೇಬಲ್ ನಾನೇ ಸರಿಯಾಗಿ ಹಾಕಿರ್ಲಿಲ್ಲ ಅಂತ. ಇನ್ಮೇಲೆ ಗಾಡಿ ಮುಟ್ಟಲ್ಲ. ಸ್ಪ್ಯಾನರ್ ಎಲ್ಲಾ ಆ ಪೆಟ್ಟಿಗೇಲಿ ತುಂಬಿಟ್ಟಿದೀನಿ, ಯಾರಾದ್ರೂ ಬೇಕಾದೋರು ತಗೊಂಡು ಹೋಗ್ಲಿ."

ಹೇಳು, ಈಗಲೇ ಹೇಳು ಎಂದು ಸೆಕೆಂಡಣ್ಣನ ಜೀವ ಹೊಡೆದುಕೊಂಡಿತು. ಹೇಳಿದರೆ ಬೇಕರಿಯ ಹಿಂದಿನ ಕೋಣೆ ಇರುವುದಿಲ್ಲ, ಮೂಟೆಯ ಮೇಲೆ ಜಾಗ ಇರುವುದಿಲ್ಲ, ಅಣ್ಣ ಎನ್ನುವವರು ಒಬ್ಬರೂ ಇರುವುದಿಲ್ಲ. ಐವತ್ತೆಂಟು ವರ್ಷದ ಅವನಿಗೆ ಇದ್ದದ್ದು ಅಷ್ಟೇ. "ಊಟ ಮಾಡಪ್ಪ," ಎಂದು ಹೇಳಿ ಎದ್ದುಬಂದ. ಮನೆಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಛೀಮಾರಿ ಹಾಕಿಕೊಂಡ. ಅದರಿಂದ ಮೆಕಾನಿಕ್‌ಗೇನೂ ಉಪಕಾರವಾಗಲಿಲ್ಲ.

ನಾಲ್ಕು ಗಂಟೆಗೆ ಶಾಲೆಯ ಸಭಾಂಗಣದ ಮುಂದೆ ಇನ್ನೂರು ಬೈಕುಗಳು ನಿಂತಿದ್ದವು. ಯಾರೂ ಎಂಜಿನ್ ಚಾಲೂ ಇಟ್ಟಿರಲಿಲ್ಲ. ತೆರೆದ ಬಾಗಿಲಿನಿಂದ ನೋಡಿದರೆ ಎದುರಿಗೆ ಫೋಟೋ, ಹೂವು, ಅದರ ಕೆಳಗೆ ಕರಿ ಹಲಗೆ, ಹಲಗೆಯ ಮೇಲೆ ಬಿಳಿ ಆರು. ಮೆಕಾನಿಕ್ ತೊಳೆದ ಅಂಗಿ ಹಾಕಿಕೊಂಡು ನಡೆದು ಬಂದ. ಏಳನೇ ತಿರುವಿನವರು ಮೆಟ್ಟಿಲಿಗೆ ಅಡ್ಡ ನಿಂತರು.

"ಯಾವ ಮುಖ ಹೊತ್ಕೊಂಡು ಬಂದೆ?" ಎಂದ ಬೇಕರಿಯವನು.

ನರ್ಸಮ್ಮ ಉಗಿಯಲಿಲ್ಲ. ಹತ್ತಿರದಿಂದ ಅವನ ಮುಖ ನೋಡಿದ ಮೇಲೆ ಅವಳಿಗೆ ಆಗಲಿಲ್ಲವೇನೋ. ಆದರೆ ದಾರಿಯನ್ನೂ ಬಿಡಲಿಲ್ಲ.

ಗಲಾಟೆ ಕೇಳಿ ಗುಬ್ಬಿಯ ಅಕ್ಕ ಹೊರಗೆ ಬಂದಳು. ಸಿಟಿ ಬಸ್ ಓಡಿಸುವ ಹೆಂಗಸು, ಗುಬ್ಬಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಪ್ಪ ಅಮ್ಮ ಹೋದ ಮೇಲೆ ಹುಡುಗನನ್ನು ತನ್ನ ಸೀಟಿನ ಹಿಂದೆ ಕೂರಿಸಿಕೊಂಡು ಡ್ಯೂಟಿ ಮಾಡಿ ಬೆಳೆಸಿದವಳು. ಅವಳ ಕಣ್ಣು ಒಣಗಿತ್ತು. "ಯಾಕೆ ಅವನನ್ನ ನಿಲ್ಸಿದ್ದೀರಿ?"

"ಅಕ್ಕ, ತಪ್ಪು ನಂದು," ಎಂದ ಮೆಕಾನಿಕ್, ತಲೆ ಎತ್ತದೆ. "ಕೇಬಲ್ ನಾನು ಸರಿಯಾಗಿ ನೋಡ್ಲಿಲ್ಲ. ಅದು ಸಿಕ್ಕಾಕೊಂಡು..."

"ಸಿಕ್ಕಾಕೊಳ್ಳಲಿಲ್ಲ," ಎಂದ ಸೆಕೆಂಡಣ್ಣ.

ಅವನ ದನಿ ಅವನಿಗೇ ಬೇರೆ ಯಾರದೋ ಎನ್ನಿಸಿತು. ಎಲ್ಲರೂ ತಿರುಗಿದರು. ಇನ್ನು ನಿಲ್ಲಿಸಿದರೆ ಸತ್ತಂತೆ ಎಂದು ಒಂದೇ ಉಸಿರಿಗೆ ಹೇಳಿದ. "ಕೇಬಲ್ ಸರಿಯಾಗಿದೆ. ಗಾಡಿ ಸರಿಯಾಗಿದೆ. ನಾನು ಆರು ಬರೀಲಿಲ್ಲ. ಮೂರು ಅಂತ ಬರೆದೆ, ಆಮೇಲೆ ಎರಡು, ಆಮೇಲೆ ಒಂದು. ಬೇಕು ಅಂತಲೇ ಬರೆದೆ. ದಾಖಲೆ ಮುರೀಲಿ ಅಂತ."

ಬೇಕರಿಯವನು ಹತ್ತಿರ ಬಂದು ಅವನ ಭುಜ ಹಿಡಿದ. "ಅಣ್ಣ, ಸುಮ್ನಿರು. ದುಃಖದಲ್ಲಿ ಏನೇನೋ ಮಾತಾಡ್ಬೇಡ. ಇವನನ್ನ ಉಳಿಸೋಕೆ ನೀನ್ಯಾಕೆ ತಲೆ ಕೊಡ್ತೀಯ?"

"ಹಲಗೆ ಒರೆಸಿದ್ದು ಯಾರು ಅಂದ್ಕೊಂಡೆ? ಅದೇನು ತಾನಾಗಿ ಅಳಿಸಿಹೋಯ್ತಾ?"

ಬೇಕರಿಯವನ ಕೈ ಭುಜದ ಮೇಲಿಂದ ಜಾರಿತು. ಒಂಬತ್ತು ವರ್ಷ ಆ ಹಲಗೆ ಎತ್ತಿ ಹಿಡಿದ ಕೈ ಅದು. ಭಾನುವಾರವೂ ಮೂರು ಸಲ ಎತ್ತಿ ಹಿಡಿದಿತ್ತು. ಅವನು ತನ್ನ ಅಂಗೈಗಳನ್ನು ನೋಡಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

ಮೆಕಾನಿಕ್ ಕೇಳಿದ್ದು ಒಂದೇ. "ಹಾಗಾದ್ರೆ ಗಾಡಿದೇನೂ ತಪ್ಪಿಲ್ವಾ ಸಾರ್?" ಇಲ್ಲ ಎಂದಾಗ ಅವನು ಗೋಡೆಗೆ ಒರಗಿ, ಚಿಕ್ಕ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತ.

ಅಕ್ಕ ಮಾತ್ರ ಇದ್ದಲ್ಲೇ ಇದ್ದಳು. ರಸ್ತೆ ತಿಳಿಯದವನು ವಿಳಾಸ ಕೇಳುವ ಹಾಗೆ, ಒಂದೊಂದಾಗಿ ಕೇಳಿದಳು.

"ಇವನ ಬೋರ್ಡಲ್ಲಿ ಎಷ್ಟಿತ್ತು?" ಎಂದು ಮೆಕಾನಿಕ್ ಕಡೆ ಕೈ ತೋರಿಸಿದಳು.

"ಆರು," ಎಂದ ಸೆಕೆಂಡಣ್ಣ.

"ನಿಮ್ಮದ್ರಲ್ಲಿ ಒಂದು."

"ಹೌದಮ್ಮ."

"ಅವನು ಎರಡನ್ನೂ ನೋಡಿದ್ನಾ?"

"ಪ್ರತಿ ಸುತ್ತಲ್ಲೂ ನೋಡ್ತಿದ್ದ."

ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ ಸೆಕೆಂಡಣ್ಣ. ಹೊಡೆಯಲಿ ಎಂದು ಕಾಯುತ್ತಿದ್ದ.

"ಅವನ ಸ್ವಂತ ಮೆಕಾನಿಕ್ಕು, ಜೊತೇಲಿ ಉಂಡೋನು, ಆರು ಅಂತ ತೋರಿಸ್ತಿದ್ದ," ಎಂದಳು ಅಕ್ಕ. "ಆದ್ರೂ ಅವನು ನಿಮ್ಮನ್ನ ನಂಬಿದ."

ಆಮೇಲೆ ಅಳುತ್ತಿದ್ದ ಮೆಕಾನಿಕ್‌ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು.